ದೀಪದ ಹೊತ್ತಿನ ಫೋನು

ಅಕ್ಟೋಬರ್ 9, ಗುರುವಾರ

ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷ. ಕಬ್ಬಿನ ಹೊಲದ ಮೋಟರಿನ ಸ್ಟಾರ್ಟರ್ ಟಪ್ಪೆಂದು ಬಡಿದ ಸದ್ದಿಗೆ ಎಚ್ಚರವಾಯಿತು. ಮೂರು ಫೇಸ್ ಕರೆಂಟು ಬಂತು ಎಂದರ್ಥ. ಮಾವನವರು ಚಪ್ಪಲಿ ಮೆಟ್ಟಿಕೊಂಡು ನೀರು ತಿರುವಲು ಹೋದರು. ಅಂಗಳದ ಕುರಿಗಳು ಎದ್ದು ನಿಂತು, ಏನೂ ಇಲ್ಲ ಎಂದು ತಿಳಿದು ಮತ್ತೆ ಮಲಗಿದವು. ನನಗೆ ಮಾತ್ರ ಅದು ತಿಳಿಯಲಿಲ್ಲ.

ಮಾಯಾಳ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರು ಬೆಚ್ಚಗೆ ತಾಕಿತು. ಎರಡು ನಿಮಿಷ ಬಿಟ್ಟು ಮತ್ತೆ ಇಟ್ಟೆ. ಹನ್ನೊಂದು ತಿಂಗಳ ಕೂಸು ಸಿಟ್ಟಿನಿಂದ ನನ್ನ ಬೆರಳು ತಳ್ಳಿತು. ಆಮೇಲೆ ಗ್ಯಾಸಿನ ನಾಬು, ಹಿತ್ತಲ ಬಾಗಿಲ ಚಿಲಕ, ಮತ್ತೊಮ್ಮೆ ಗ್ಯಾಸು.

ಈ ನೋಟ್‌ಬುಕ್ ತಂದದ್ದು ದಿನಾ ಮೂರು ಸಾಲು ಜರ್ಮನ್ ಬರೆಯಲಿಕ್ಕೆ. ಜರ್ಮನ್ ಕಲಿಸುವ ಸ್ವಪ್ನಿಲ್ ಸರ್ ಹೇಳಿದ್ದು. ಮೂರು ಸಾಲು ಹತ್ತು ನಿಮಿಷಕ್ಕೆ ಮುಗಿಯುತ್ತದೆ, ರಾತ್ರಿ ಮುಗಿಯುವುದಿಲ್ಲ. ಉಳಿದ ಹಾಳೆ ಕನ್ನಡಕ್ಕೆ.

ಮಾಯಾಳ ಅಪ್ಪ, ಅಂದರೆ ಇವರು, ಜರ್ಮನಿಯ ಕಾಸೆಲ್ ಎಂಬ ಊರಿಗೆ ಹೋಗಿ ಎಂಟು ತಿಂಗಳಾಯಿತು. ಅಲ್ಲಿಯ ಒಂದು ವೃದ್ಧಾಶ್ರಮದಲ್ಲಿ ನರ್ಸಿಂಗ್ ಕೆಲಸ. ನಾನು ಅಲ್ಲಿಗೆ ಹೋಗಬೇಕೆಂದರೆ ಮೊದಲ ಹಂತದ ಜರ್ಮನ್ ಪರೀಕ್ಷೆ ಪಾಸಾಗಬೇಕು. ಡಿಸೆಂಬರ್ ಆರಕ್ಕೆ ಬೆಂಗಳೂರಿನಲ್ಲಿ ಪರೀಕ್ಷೆ. ಬರೆಯುವುದು, ಓದುವುದು ಬರುತ್ತದೆ. ಮಾತನಾಡುವಾಗ ನಾಲಿಗೆ ಒಣಗುತ್ತದೆ. ಬಿ.ಎಸ್ಸಿ.ಯಲ್ಲಿ ಕಾಲೇಜಿಗೆ ಎರಡನೆಯವಳಾಗಿದ್ದೆ ಎಂದು ಯಾರಿಗೆ ಹೇಳಲಿ?

ಅಕ್ಟೋಬರ್ 11, ಶನಿವಾರ

ಕೌಜಲಗಿಯಿಂದ ಹತ್ತೂಕಾಲರ ಬಸ್ಸು. ಗೋಕಾಕದಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಕ್ಲಾಸು. ಒಂಬತ್ತು ಮಂದಿಯಲ್ಲಿ ಏಳು ಜನ ನರ್ಸುಗಳು. ಸ್ವಪ್ನಿಲ್ ಸರ್ ನನಗಿಂತ ನಾಲ್ಕು ವರ್ಷ ಚಿಕ್ಕವರು. ನನ್ನನ್ನು ಅಕ್ಕಾರ ಎನ್ನುತ್ತಾರೆ, ನಾನು ಸರ್ ಎನ್ನುತ್ತೇನೆ.

"ಇವತ್ತಿನ ಪಾಠ ಸಂಜಿ," ಎಂದರು. "ಅವರ ಕಡೆ ಒಂದು ಶಬ್ದ ಐತ್ರಿ, ಫೈಯರ್‌ಆಬೆಂಟ್. ಕೆಲಸ ಮುಗಿಸಿ ಮನಿಗೆ ಬಂದ ಮ್ಯಾಲಿನ ಹೊತ್ತು. ಆ ಹೊತ್ತು ಪೂರಾ ನಿಮ್ಮದ. ಯಾರೂ ಕೇಳಂಗಿಲ್ಲ."

ನನ್ನ ಬಾಜೂ ಕೂಡುವ ಸುಜಾತಾ ಕೈ ಎತ್ತಿದಳು. "ಸರ್, ಆ ಹೊತ್ತು ನಮ್ಮನಿಗೆ ರಾತ್ರಿ ಹನ್ನೊಂದಕ್ಕ ಬರ್ತೈತ್ರಿ. ಅಷ್ಟೊತ್ತಿಗೆ ನಾವ ಇರಂಗಿಲ್ಲ, ಮಲಗಿರ್ತೀವಿ."

ಪರೀಕ್ಷೆಯಲ್ಲಿ 'ಸಂಜೆ' ಎಂದು ಬರೆದ ಚೀಟಿ ಬರಬಹುದಂತೆ. ಎದುರಿನವರನ್ನು ಕೇಳಬೇಕು, ಅವರು ಕೇಳಿದ್ದಕ್ಕೆ ಹೇಳಬೇಕು. ಸುಜಾತಾ ಜರ್ಮನ್‌ನಲ್ಲಿ ಕೇಳಿದಳು: ಸಂಜೆ ನೀನು ಏನು ಮಾಡುತ್ತೀ? ನಾನು ಯೋಚಿಸಿದೆ. ಸಂಜೆ ಎಂದರೆ ಹಾಲು ಕಾಸುವುದು, ಕುರಿಮರಿಗಳನ್ನು ಬುಟ್ಟಿಯೊಳಗೆ ಹಾಕುವುದು, ದೀಪ, ರೊಟ್ಟಿ ಬಡಿಯುವುದು, ಮಾಯಾಳ ರಚ್ಚೆ. ಇದ್ಯಾವುದಕ್ಕೂ ನಮ್ಮ ಪಾಠದಲ್ಲಿ ಶಬ್ದವಿಲ್ಲ. ಪುಸ್ತಕದಲ್ಲಿ ಇದ್ದುದನ್ನೇ ಹೇಳಿಬಿಟ್ಟೆ: ಬಿಸಿನೀರಿನ ತೊಟ್ಟಿಯಲ್ಲಿ ಸ್ನಾನ ಮಾಡುತ್ತೇನೆ, ಚಹಾ ಕುಡಿಯುತ್ತೇನೆ, ಪುಸ್ತಕ ಓದುತ್ತೇನೆ.

"ಸುಳ್ಳಿ!" ಎಂದಳು ಸುಜಾತಾ. "ರೊಟ್ಟಿ ಯಾರ ಬಡಿತಾರ? ನಿನ್ನ ಗಂಡ ಅಲ್ಲಿಂದ ಬಡದು ಕೊರಿಯರ್ ಮಾಡ್ತಾನೇನ?"

ನಗು ನಿಲ್ಲುವ ಮೊದಲೇ ಸರ್ ಜರ್ಮನ್‌ನಲ್ಲಿ ನನ್ನ ಗಂಡನ ಹೆಸರು ಕೇಳಿದರು. ಮದುವೆಯಾಗಿ ಎರಡೂವರೆ ವರ್ಷ, ಒಮ್ಮೆಯೂ ಆ ಹೆಸರನ್ನು ಬಾಯಿಂದ ಆಡಿದ್ದಿಲ್ಲ. ಹುಡುಗಿಯರೆಲ್ಲ ಬೆಂಚು ಬಡಿದರು: "ಒಡಪು! ಒಡಪು ಹಾಕಿ ಹೇಳಾಕ ಬೇಕು!" ಮುಖಕ್ಕೆ ಸೆರಗು ಹಿಡಿದು, ಪ್ರಾಸದೊಳಗೆ ಹೆಸರು ಕಟ್ಟಿ ಹೇಳಿದೆ:

"ಕರದಂಟಿನ ಮ್ಯಾಲ ಉದರಸ್ಯಾರ ಗಸಗಸಿ,
ಕಾಸೆಲ್ ಊರಾಗ ಅದಾರ ನಮ್ಮವರು ಭೀಮಶಿ."

ಸರ್ ತಲೆ ಕೆರೆದುಕೊಂಡರು. "ಅಕ್ಕಾರ, ಪರೀಕ್ಷಾದಾಗ ಗಸಗಸಿ ಬ್ಯಾಡ್ರಿ."

ಬಹಳ ದಿನಕ್ಕೆ ನಕ್ಕೆ. ಬಸ್ಸಿನಲ್ಲಿ ಕುಳಿತ ಮೇಲೆ ಮಾಯಾ ಹಾಲು ಕುಡಿದಳೋ ಇಲ್ಲವೋ ಎಂದು ನಾಲ್ಕು ಸಲ ಮನೆಗೆ ಫೋನ್ ಮಾಡಿದೆ.

ಅಕ್ಟೋಬರ್ 12, ರವಿವಾರ

ಕ್ಲಾಸಿನಲ್ಲಿ ಕೊಟ್ಟ ಚಿತ್ರದ ಹಾಳೆಯನ್ನು ಪಡಸಾಲೆಯ ಕಂಬಕ್ಕೆ ಅಂಟಿಸಿದ್ದೆ. ಮಾವನವರು ಬೀಡಿ ಹಚ್ಚಲು ಬಂದವರು ಅಲ್ಲೇ ನಿಂತರು. ತೊಟ್ಟಿಯೊಳಗೆ ಒಬ್ಬ ಹೆಂಗಸು, ಸುತ್ತ ಮೇಣದಬತ್ತಿ.

"ಇಕಿ ಯಾಕ ಮೇಣಬತ್ತಿ ಹಚ್ಚಕೊಂಡು ನೀರಾಗ ಕುಂತಾಳ? ಅಲ್ಲಿನೂ ಕರೆಂಟ್ ಹೋಗತೈತೇನ?"

ಅತ್ತೆ ಒಳಗಿನಿಂದಲೇ ಎಂದರು, "ಬಾಗಲಾ ಹಾಕ್ಯಾಳೋ ಇಲ್ಲೋ ನೋಡ್ರಿ ಮೊದಲ."

ಆರೂವರೆಗೆ ಅತ್ತೆ ದೀಪ ಹಚ್ಚಿದರು. ನಮ್ಮ ಮನೆಯಲ್ಲಿ ಇವರಿಗೆ ಫೋನ್ ಮಾಡುವುದು ಅದೇ ಹೊತ್ತಿಗೆ. ಅಲ್ಲಿ ಆಗ ಮಧ್ಯಾಹ್ನ ಮೂರು. ಬೆಳಿಗ್ಗೆ ಆರರಿಂದ ಎರಡರವರೆಗೆ ಇವರ ಪಾಳಿ. ಕೋಣೆಗೆ ಬಂದು ಊಟ ಮುಗಿಸಿರುತ್ತಾರೆ. ಫೋನನ್ನು ದೇವರ ಮಾಡದ ಕೆಳಗೆ ಡಬ್ಬಿಗೆ ಆನಿಸಿ, ಮಾಯಾಳನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ದಿನವೂ ಹೇಳುವ ಮಾತು: "ದೀಪ ಹಚ್ಚೀನಿ. ಚೊಲೋದ ಮಾತಾಡ್ರಿ."

ದೀಪ ಹಚ್ಚುವ ಹೊತ್ತಿಗೆ ದೇವರುಗಳು ಮಾಳಿಗೆಯ ಮೇಲೆ 'ಹಂಗ ಆಗಲಿ' ಎನ್ನುತ್ತ ಹೋಗುತ್ತಾರಂತೆ. ಆಗ ಕೆಟ್ಟದ್ದು ಆಡಿದರೆ ಅದೇ ನಿಜವಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಆರು ಕುರಿ ಸತ್ತದ್ದನ್ನು ಇವರಿಗೆ ಯಾರೂ ಹೇಳಲಿಲ್ಲ. ನನಗೆ ನಿದ್ದೆ ಇಲ್ಲದ್ದನ್ನೂ. ಇವರೂ ದಿನಾ ಅದನ್ನೇ ಹೇಳುತ್ತಾರೆ: "ಆರಾಮ ಅದೀನಿ ಯವ್ವಾ. ಊಟಾ ಆತು. ಡ್ಯೂಟಿ ಚೊಲೋ ಐತಿ." ಕಿಟಕಿಯ ಬಿಸಿಲು ಮುಖದ ಮೇಲೆ ಇರುತ್ತದೆ.

"ಮುಖದಾಗ ಕಳಾ ಐತಿ ನೋಡ," ಎಂದರು ಅತ್ತೆ ಫೋನ್ ಇಟ್ಟ ಮೇಲೆ.

ಇರಬೇಕಲ್ಲ, ರಾತ್ರಿಯಿಡೀ ಮಲಗುವವರಿಗೆ. ಇದನ್ನು ಬರೆದು ನಾಚಿಕೆಯಾಯಿತು. ಹೊಡೆದು ಹಾಕುವುದಿಲ್ಲ.

ಅಕ್ಟೋಬರ್ 15, ಬುಧವಾರ

ಮಾಯಾಗೆ ನೂರಾ ಎರಡು ಜ್ವರ. ಮೂಡಲಗಿಯ ಡಾಕ್ಟರು ಗಂಟಲು ಕೆಂಪಾಗಿದೆ ಎಂದರು, ಅಷ್ಟೇ. ದೀಪದ ಹೊತ್ತಿಗೆ ಅವಳನ್ನು ಶಾಲಿನಲ್ಲಿ ಸುತ್ತಿ ತೋರಿಸಿದೆವು. "ನಿದ್ದಿ ಬಂದೈತಿ ಅಕಿಗೆ," ಎಂದೆ.

ಇವರು ನಕ್ಕರು. ನಾನೂ.

ಅಕ್ಟೋಬರ್ 18, ಶನಿವಾರ

ಹೋಮ್‌ವರ್ಕ್: ಜರ್ಮನಿಯಲ್ಲಿ ಇರುವ ಯಾರನ್ನಾದರೂ ಅವರ ಸಂಜೆಯ ಬಗ್ಗೆ ಕೇಳಿ, ಉತ್ತರ ರೆಕಾರ್ಡ್ ಮಾಡಿ ಕಳಿಸಬೇಕು. "ನಿಂದು ಸಸಾರ, ಗಂಡನ್ನ ಕೇಳಿದ್ರ ಮುಗೀತು," ಎಂದಳು ಸುಜಾತಾ.

ಇವರ ಸಂಜೆಯನ್ನು ನಾನು ಒಮ್ಮೆಯೂ ನೋಡಿಲ್ಲ. ಅಲ್ಲಿ ಎಂಟು ಗಂಟೆ ಎಂದರೆ ಇಲ್ಲಿ ಹನ್ನೊಂದೂವರೆ. ಅತ್ತೆ, ಮಾಯಾ, ನಾನು ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಪಿಸುಗುಟ್ಟಿದರೂ ಮಾಯಾ ಏಳುತ್ತಾಳೆ. ಇವರನ್ನು ಎಂಟು ತಿಂಗಳು ದಿನಾ ನೋಡಿದ್ದೇನೆ, ಎಲ್ಲವೂ ಮಧ್ಯಾಹ್ನವೇ.

ದೀಪಾವಳಿಗೆ ತವರಿಗೆ ಹೋದಾಗ ಕೇಳಬೇಕು.

ಅಕ್ಟೋಬರ್ 24, ಶುಕ್ರವಾರ, ಬೆಲ್ಲದ ಬಾಗೇವಾಡಿ

ಹುಕ್ಕೇರಿಯಲ್ಲಿ ಇಳಿದು ಟೆಂಪೊ ಹಿಡಿದು ಮೊನ್ನೆ ತವರಿಗೆ ಬಂದೆ. ಅವ್ವ ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ, "ಜರ್ಮನ್ ಕಲಿತೀಯೋ, ಇಲ್ಲಾ ಕಬ್ಬಿನ ಗಾಣ ತಿರುಗಸ್ತೀಯೋ?" ಎಂದಳು. ಇವತ್ತು ಮಾಯಾಳನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು.

ಹನ್ನೊಂದೂವರೆಗೆ ಮಾಳಿಗೆ ಹತ್ತಿ ವಿಡಿಯೊ ಕಾಲ್ ಮಾಡಿದೆ. ಎತ್ತಲು ಹೊತ್ತಾಯಿತು. ಪರದೆಯೆಲ್ಲ ಕಪ್ಪು. ನಡುವೆ ಇವರ ಮುಖ, ಫೋನಿನದೇ ಬೆಳಕಿನಲ್ಲಿ ನೀಲಿಯಾಗಿ.

"ಯಾಕ್ರಿ, ಕತ್ತಲಾಗ ಕುಂತೀರಿ?"

"ಹಂಗ. ಏನಾತು? ಮಾಯಾ ಹೆಂಗದಾಳ?"

"ಮಾಯಾ ಆರಾಮ. ಹೋಮ್‌ವರ್ಕ್ ಐತ್ರಿ. ನಾ ಕೇಳ್ತೀನಿ, ನೀವು ಜರ್ಮನ್‌ದಾಗ ಹೇಳ್ರಿ. ಸಣ್ಣ ಸಣ್ಣ ವಾಕ್ಯ, ನಮಗ ತಿಳಿಯೂ ಹಂಗ."

ರೆಕಾರ್ಡ್ ಒತ್ತಿ ಕೇಳಿದೆ: ಸಂಜೆ ನೀನು ಏನು ಮಾಡುತ್ತೀ?

"ಇಷ್ ಜಿತ್ಸೆ," ಎಂದರು. ಕುಳಿತಿರುತ್ತೇನೆ.

"ಇಷ್ ಮಾಖೆ ಕೈನ್ ಲಿಷ್ಟ್ ಆನ್." ದೀಪ ಹಚ್ಚುವುದಿಲ್ಲ.

ಆಮೇಲೆ, "ಇಷ್ ವಾರ್ಟೆ." ಕಾಯುತ್ತೇನೆ.

ನನಗೆ ರೇಗಿತು. ಜರ್ಮನ್‌ನ ಇಷ್ಟು ದೊಡ್ಡ ಪರೀಕ್ಷೆ ಪಾಸಾಗಿ ಹೋದವರು ಮೊದಲ ಪಾಠದ ಹುಡುಗನಂತೆ ಹೇಳಿದರೆ? "ಏನ್ರೀ ಇದು! ಇದಕ್ಕ ಮಾರ್ಕ್ಸ್ ಬರಂಗಿಲ್ಲ. ಹಾಡು ಕೇಳ್ತೀನಿ, ನದಿ ದಂಡಿಗೆ ತಿರುಗ್ಯಾಡಾಕ ಹೋಗ್ತೀನಿ, ಹಿಂಗೇನರ ಹೇಳ್ರಿ. ಎಂಟ್‌ಷ್ಪಾನೆನ್ ಅನ್ನೂ ಶಬ್ದ ಬರಬೇಕ್ರಿ, ಆರಾಮ ಆಗೂದು. ಅದು ಈ ಪಾಠದ್ದು."

"ಹೂಂ. ಹೇಳ್ತೀನಿ. ರೆಕಾರ್ಡ್ ಹಚ್ಚು."

ಎರಡನೆಯ ಸಲ ಬಹಳ ಚೆನ್ನಾಗಿ ಬಂತು. ಹಾಡು, ನದಿ, ಪತ್ರಿಕೆ, ಎಲ್ಲ. ಉಚ್ಚಾರವಂತೂ ಪುಸ್ತಕದ ಸಿ.ಡಿ.ಯಂತೆ. ಆಗಲೇ ಸರ್‌ಗೆ ಕಳಿಸಿದೆ.

ಒಂದು ಕೆಲಸ ಮುಗಿಯಿತು. ಇವತ್ತು ನಿದ್ದೆ ಬರುವ ಹಾಗಿದೆ.

ನವೆಂಬರ್ 8, ಶನಿವಾರ

ಕ್ಲಾಸ್ ಮುಗಿದ ಮೇಲೆ ಸ್ವಪ್ನಿಲ್ ಸರ್ ನನ್ನನ್ನು ನಿಲ್ಲಿಸಿಕೊಂಡರು. "ಅಕ್ಕಾರ, ನಿಮ್ಮವು ಎರಡು ಫೈಲ್ ಬಂದಾವ್ರಿ."

"ಅಯ್ಯ, ಮೊದಲಿಂದು ಕೈ ತಪ್ಪಿ ಬಂದೈತ್ರಿ ಸರ್. ಅಳಿಸಿಬಿಡ್ರಿ. ತಪ್ಪೈತಿ ಅದು."

"ತಪ್ಪೇನಿಲ್ರಿ. ಮೂರೂ ವಾಕ್ಯ ಬರೋಬ್ಬರಿ ಅದಾವ." ಬೋರ್ಡು ಒರೆಸುವ ಬಟ್ಟೆಯನ್ನು ಮಡಿಸುತ್ತ, ನನ್ನ ಮುಖ ನೋಡದೆ ಹೇಳಿದರು. "ಎರಡನೇದು ನಮ್ಮ ಪುಸ್ತಕದ್ದು. ಮೊದಲಿಂದು... ಅಣ್ಣಾರದು ಅಂತ ನನಗನಿಸ್ತು."

ಇಷ್ಟು ಸಣ್ಣ ಹುಡುಗನಿಂದ ಇಂಥ ಮಾತು.

ಹೊರಡುವಾಗ ಇನ್ನೊಂದು ಹೇಳಿದರು: ಹೋದ ತಿಂಗಳ ಇಪ್ಪತ್ತಾರರಿಂದ ಅಲ್ಲಿ ಗಡಿಯಾರ ಒಂದು ತಾಸು ಹಿಂದೆ ಹಾಕಿದ್ದಾರೆ, ಚಳಿಗಾಲಕ್ಕೆ ಹಾಗೆ ಮಾಡುತ್ತಾರೆ. ಈಗ ನಮಗೂ ಅವರಿಗೂ ಮೂರೂವರೆ ಅಲ್ಲ, ನಾಲ್ಕೂವರೆ ತಾಸು ಫರಕು.

ಚಳಿಗಾಲ ಇಲ್ಲಿಯೂ ಬಂದಿದೆ; ಕತ್ತಲು ಬೇಗ, ಆರೂ ಹತ್ತಕ್ಕೇ ದೀಪ. ಫೋನ್ ಮಾಡಿದೆವು. ಎರಡನೇ ರಿಂಗಿಗೆ ಎತ್ತಿದರು. ಅದೇ ಕೋಣೆ, ಅದೇ ಕಿಟಕಿ. "ಆರಾಮ ಅದೀನಿ. ಡ್ಯೂಟಿ ಚೊಲೋ ಐತಿ."

ರೊಟ್ಟಿ ಬಡಿಯುತ್ತ ಲೆಕ್ಕ ಹಾಕಿದೆ. ಆರೂ ಹತ್ತರಲ್ಲಿ ನಾಲ್ಕೂವರೆ ಕಳೆದರೆ ಒಂದೂ ನಲವತ್ತು. ಪಾಳಿ ಮುಗಿಯುವುದು ಎರಡಕ್ಕೆ. ಆಮೇಲೆ ಅರ್ಧ ತಾಸು ಟ್ರಾಮು. ಒಂದೂ ನಲವತ್ತಕ್ಕೆ ಕೋಣೆಯಲ್ಲಿ ಹೇಗೆ?

ರೊಟ್ಟಿ ಹೊತ್ತಿತು. ಶನಿವಾರ ರಜೆ ಇರಬೇಕು.

ನವೆಂಬರ್ 9, ರವಿವಾರ

ಆರೂ ಎಂಟು. ಎರಡನೇ ರಿಂಗು. ಅದೇ ಕೋಣೆ.

ನವೆಂಬರ್ 10, ಸೋಮವಾರ

ಆರೂ ಹತ್ತು. ಮೊದಲನೇ ರಿಂಗು.

ನವೆಂಬರ್ 11, ಮಂಗಳವಾರ

ಕೇಳಿಬಿಟ್ಟೆ. "ಇವತ್ತು ಡ್ಯೂಟಿ ಇಲ್ಲೇನ್ರಿ?"

ಅತ್ತೆ ನನ್ನ ಮೊಣಕಾಲಿಗೆ ಒಂದು ಬಡಿದರು. "ದೀಪ ಹಚ್ಚೀನಿ ಅಂತ ಹೇಳೀನಿಲ್ಲ?"

"ಪಾಳಿ ಬದಲಾಗೇತಿ," ಎಂದರು ಇವರು. "ಮಾಯಾನ ಮುಂದ ಹಿಡಿ, ಕಾಣವಲ್ಲಳು."

ನವೆಂಬರ್ 14, ಶುಕ್ರವಾರ

ಮಾಯಾಗೆ ಒಂದು ವರ್ಷ. ಚಪ್ಪಾಳೆ ತಟ್ಟಿದಳು. ಇವರೂ ಅಲ್ಲಿಂದ ತಟ್ಟಿದರು. ಗಡ್ಡ ಬಂದಿದೆ. "ಚಂದ ಕಾಣತೈತಿ ಬಿಡ," ಎಂದರು ಅತ್ತೆ. ನಾನು ಕೇಕನ್ನು ತಿನ್ನದೆ ಕುರಿಗೆ ಹಾಕಿದೆ.

ನವೆಂಬರ್ 18, ಮಂಗಳವಾರ

ಬೆಳಿಗ್ಗೆ ಹನ್ನೊಂದಕ್ಕೆ ಹಿತ್ತಲ ಜೋಳದ ಕಣಿಕೆಯ ಬಣವೆ ಹಿಂದೆ ನಿಂತು ಫೋನ್ ಮಾಡಿದೆ. ಅಲ್ಲಿ ಆರೂವರೆ. ಡ್ಯೂಟಿಯ ಹೊತ್ತು. ಎತ್ತಬಾರದೆಂದು ಬೇಡಿಕೊಳ್ಳುತ್ತಿದ್ದೆ. ಎತ್ತಿದರು.

ಕನ್ನಡದಲ್ಲಿ ಕೇಳಿದರೆ ಮತ್ತೆ 'ಆರಾಮ' ಎನ್ನುತ್ತಾರೆಂದು ಗೊತ್ತಿತ್ತು. ಜರ್ಮನ್‌ನಲ್ಲಿ ಕೇಳಿದೆ: ಆರ್ಬೈಟೆಸ್ಟ್ ಡು? ಕೆಲಸ ಮಾಡುತ್ತಿದ್ದೀಯಾ?

"ನೈನ್," ಎಂದರು. ಇಲ್ಲ.

ಆ ಭಾಷೆಯಲ್ಲಿ ನಾವು ಒಬ್ಬರಿಗೊಬ್ಬರು ಸುಳ್ಳು ಹೇಳಿ ಇನ್ನೂ ರೂಢಿಯಾಗಿಲ್ಲ. ಆಮೇಲೆ ಕನ್ನಡಕ್ಕೆ ಬಂದರು. ಅಲ್ಲಿ ನರ್ಸ್ ಎಂದು ಒಪ್ಪಬೇಕಾದರೆ ಬರೆಯಬೇಕಾದ ಪರೀಕ್ಷೆಯಲ್ಲಿ ಸೆಪ್ಟೆಂಬರಿನಲ್ಲೇ ಫೇಲಾದರಂತೆ. ಫೆಬ್ರವರಿಯಲ್ಲಿ ಇನ್ನೊಂದೇ ಅವಕಾಶ. ಅದೂ ಹೋದರೆ ವಾಪಸು. ದೀಪಾವಳಿಯ ಹಿಂದುಮುಂದಿನಿಂದ ಕೆಲಸಕ್ಕೇ ಹೋಗಿಲ್ಲ. ಅಲ್ಲಿಯ ಡಾಕ್ಟರು ರಜೆಯ ಚೀಟಿ ಕೊಟ್ಟಿದ್ದಾರೆ.

"ಮೈಗೆ ಏನಾಗೇತ್ರಿ?"

"ಮೈಗೇನಿಲ್ಲ. ಹಾಸಿಗಿ ಬಿಟ್ಟು ಏಳಾಕ ಆಗವಲ್ದು. ಎದ್ರ ಕುರ್ಚಿ ಮ್ಯಾಲ ಕುಂಡರ್ತೀನಿ. ಹೊತ್ತು ಮುಳಗತೈತಿ. ಗುಂಡಿ ಒತ್ತಿದ್ರ ಲೈಟ್ ಹತ್ತತೈತಿ ಅಂತ ಗೊತ್ತೈತಿ. ಕೈ ಹೋಗವಲ್ದು."

"ನನಗ್ಯಾಕ ಹೇಳಲಿಲ್ಲ?"

"ದೀಪದ ಹೊತ್ತಿಗೆ ಹೆಂಗ ಹೇಳ್ಲಿ, ವಿದ್ಯಾ?"

ನಾನೂ ಹೇಳಿದೆ. ಮಾಯಾಳ ಜ್ವರ, ಸತ್ತ ಕುರಿಗಳು, ಎರಡು ತಾಸು ನಿದ್ದೆ, ಗ್ಯಾಸಿನ ನಾಬು. ಏಳು ನಿಮಿಷ ಇಬ್ಬರೂ ಬರೀ ಕೆಟ್ಟದ್ದನ್ನೇ ಮಾತಾಡಿದೆವು. ಕೊನೆಗೆ ಇವರು ಉಸಿರು ಬಿಟ್ಟು, "ಹಗರ ಆತು ನೋಡ," ಎಂದರು. ಅವ್ವಗ, ಅಪ್ಪಗ ಹೇಳಬೇಡ ಎಂದು ಮಾಯಾಳ ಮೇಲೆ ಆಣೆ ಹಾಕಿಸಿಕೊಂಡರು.

ಆ ರಾತ್ರಿಯ ಮೂರು ವಾಕ್ಯಗಳನ್ನು ನಾನು ತಿದ್ದಿಸಿದ್ದೆ. ಮಾರ್ಕ್ಸಿಗಾಗಿ.

ನವೆಂಬರ್ 21, ಶುಕ್ರವಾರ

ದಿನಾ ಹನ್ನೊಂದಕ್ಕೆ ಬಣವೆಯ ಹಿಂದೆ. ಅಲ್ಲಿಯ ಸಂಜೆ ಐದಕ್ಕೆ ಲೈಟು ಹಚ್ಚಿ ಫೋಟೊ ಕಳಿಸಬೇಕೆಂದು ಹೋಮ್‌ವರ್ಕ್ ಕೊಟ್ಟೆ.

"ನೀ ಮಾಸ್ತರಿಣಿ ಆದಿ," ಎಂದರು.

"ಮಾರ್ಕ್ಸ್ ಕೊಡ್ತೀನ್ರಿ."

ರಾತ್ರಿ ಫೋಟೊ ಬಂತು. ಮೇಜಿನ ಮೇಲೆ ಹಳದಿ ಲ್ಯಾಂಪು. ಪಕ್ಕದಲ್ಲಿ ನಾಲ್ಕು ದಿನದ ಪಾತ್ರೆ. ಹತ್ತಕ್ಕೆ ಆರು ಕೊಟ್ಟೆ.

ನವೆಂಬರ್ 25, ಮಂಗಳವಾರ

ಪಾತ್ರೆ ತೊಳೆದಿದ್ದರು. ಎಂಟು ಕೊಟ್ಟೆ.

ಮಾಯಾ ಕಂಬ ಹಿಡಿದು ನಿಂತಳು. ಅವಳ ಉಸಿರು ನೋಡಲು ಎದ್ದೆನೋ ಇಲ್ಲವೋ ನೆನಪಿಲ್ಲ.

ನವೆಂಬರ್ 28, ಶುಕ್ರವಾರ

ಫೋಟೊ ಇಲ್ಲ. ಫೋನಿನಲ್ಲಿ, "ಇವತ್ತ ಆಗಲಿಲ್ಲ." ರಜೆಯ ಚೀಟಿ ನಾಳೆಗೆ ಮುಗಿಯುತ್ತದಂತೆ. ಸೋಮವಾರ ಕೆಲಸಕ್ಕೆ ಹೋಗಬೇಕು. ಹೋಗುತ್ತೀರಲ್ಲ? ಈ ಹಾಳೆಯಲ್ಲಿ ಕೇಳಿದರೆ ನಿಮಗೆ ಕೇಳಿಸುವುದಿಲ್ಲ, ಆದರೂ ಕೇಳುತ್ತಿದ್ದೇನೆ.

ನವೆಂಬರ್ 30, ರವಿವಾರ

ನಿನ್ನೆ ಕೊನೆಯ ಕ್ಲಾಸು. ಸಂಜೆಯ ಬಗ್ಗೆ ಎರಡು ನಿಮಿಷ ತಡವರಿಸದೆ ಮಾತಾಡಿದೆನಂತೆ, ಸುಜಾತಾ ಹೇಳಿದಳು. ಏನು ಹೇಳಿದೆನೆಂದು ನನಗೆ ಗೊತ್ತಿಲ್ಲ.

ಇವತ್ತು ನಿಮ್ಮ ಮೆಸೇಜು: "ನಾಳೆ ಮಾತಾಡೂನು." ಅಷ್ಟೇ.

ಡಿಸೆಂಬರ್ 1, ಸೋಮವಾರ

ಹನ್ನೊಂದಕ್ಕೆ ಎತ್ತಲಿಲ್ಲ. ಕೆಲಸಕ್ಕೆ ಹೋಗಿದ್ದೀರಿ ಎಂದು ಖುಷಿಪಟ್ಟೆ. ದೀಪದ ಹೊತ್ತಿಗೂ ಎತ್ತಲಿಲ್ಲ.

ಡಿಸೆಂಬರ್ 2, ಮಂಗಳವಾರ

ಎತ್ತಲಿಲ್ಲ. ಹದಿನಾಲ್ಕು ಸಲ.

ಡಿಸೆಂಬರ್ 3, ಬುಧವಾರ

ಇವತ್ತೂ ದೀಪದ ಹೊತ್ತಿಗೆ ಫೋನು ಪೂರ್ತಿ ರಿಂಗಾಗಿ ಕಟ್ಟಾಯಿತು. "ಪಾಳಿ ಇದ್ದೀತು," ಎಂದರು ಅತ್ತೆ. ಎಣ್ಣೆ ಹಾಕುವಾಗ ಅರ್ಧ ನೆಲಕ್ಕೆ ಚೆಲ್ಲಿತ್ತು.

ಊಟವಾದ ಮೇಲೆ ಮಾವನವರು ಕುರಿದೊಡ್ಡಿಯ ಜಾಲರಿ ಕಟ್ಟುತ್ತಿದ್ದರು. ನಾನು ಹೋಗಿ ನಿಂತೆ. ಆಣೆ ಮುರಿದೆ. ಪರೀಕ್ಷೆ, ಚೀಟಿ, ಕತ್ತಲು, ಮೂರು ದಿನದಿಂದ ಎತ್ತದ ಫೋನು, ಎಲ್ಲ ಹೇಳಿದೆ. ಅವರು ಜಾಲರಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿದರು.

"ದಿನಾ ಫೋನ್ ಮಾಡಿ ಏನಂತ ಕೇಳತಿದ್ವಿ ನಾವು?" ಎಂದರು.

"ಆರಾಮ ಅದೀಯೇನ ಅಂತ್ರಿ."

"ಅದ ತಪ್ಪಾತು ನೋಡವ್ವ." ಅಲ್ಲೇ ಕಲ್ಲಿನ ಮೇಲೆ ಕುಳಿತರು. "ನಾವು ಕುರಿ ಹೊಡಕೊಂಡು ಕೃಷ್ಣಾ ದಂಡಿಗೆ ಹೋಗತಿದ್ವಿ. ಒಬ್ಬೊಬ್ಬಂದು ಒಂದೊಂದು ಹೊಲದಾಗ ಹಟ್ಟಿ. ರಾತ್ರಿ ಉಂಡು ಬೆಂಕಿ ಆರಸೂ ಮೊದಲ ಒಬ್ಬ ಕೂಗು ಹಾಕಬೇಕು. ಬಾಜೂ ಹಟ್ಟಿಯವ 'ಓ' ಅನಬೇಕು. ಆಮ್ಯಾಲ ಅವ ಮುಂದಿನವಗ ಕೂಗಬೇಕು. ಆರಾಮ ಅದೀಯೇನ ಅಂತ ಕೇಳಾಂಗಿಲ್ಲ. ಕೇಳಿದ್ರ ಹಾವು ಕಡದವನೂ ಆರಾಮ ಅದೀನಿ ಅಂತಾನ. ಬರೇ 'ಓ'. ದನಿ ಕೇಳಿದ್ರ ಗೊತ್ತಾಗತಿತ್ತು, ಜ್ವರಾ ಬಂದಾವೋ, ಹಸದಾನೋ, ಅಳಾಕತ್ತಾನೋ."

"ಓ ಬರಲಿಲ್ಲಂದ್ರ?"

"ಬೆಳಗ ಕಾಯಾಂಗಿಲ್ಲ. ಹತ್ತರದ ಹಟ್ಟಿಯವ ಬಡಿಗಿ ಹಿಡಕೊಂಡು ಎದ್ದ ಹೊಂಡಬೇಕು." ನನ್ನ ಕಡೆ ತಿರುಗಿದರು. "ಅಲ್ಲಿ ಅವಗ ಬಾಜೂ ಹಟ್ಟಿ ಯಾರದೈತಿ?"

ಆಗ ಅತ್ತೆ ಬಾಗಿಲಲ್ಲಿ ನಿಂತಿರುವುದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬಯ್ಯುತ್ತಾರೆಂದುಕೊಂಡೆ. ಅವರು ಮೆಟ್ಟಿಲ ಮೇಲೆ ಕುಳಿತರು. "ದೀಪದ ಹೊತ್ತಿಗೆ ಬ್ಯಾಡ ಅಂದಿದ್ದೆ," ಎಂದರು. "ಯಾವತ್ತೂ ಬ್ಯಾಡ ಅಂದಿದ್ನೇನ ನಾ?"

ಬಾಜೂ ಹಟ್ಟಿ ಎಂದರೆ ಗುರುರಾಜ. ಗೋಕಾಕ ಫಾಲ್ಸಿನವನು, ನಿಮ್ಮ ಜೊತೆ ಒಂದೇ ವಿಮಾನದಲ್ಲಿ ಹೋದವನು, ಕಾಸೆಲ್‌ನಿಂದ ರೈಲಿನಲ್ಲಿ ಎರಡು ತಾಸಿನ ಊರಿನಲ್ಲಿ ಇದ್ದಾನೆ. ನಂಬರು ಸಿಗಲು ಹನ್ನೆರಡಾಯಿತು. ಅವನ ತಾಯಿಯನ್ನು ಎಬ್ಬಿಸಿ ತೆಗೆದುಕೊಂಡೆ. ಅವನಿಗೆ ಸಂಜೆಯ ಪಾಳಿ. ಬಿಡುವಿನಲ್ಲಿ ಎತ್ತಿದ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ವೈನಿ, ಒಂಬತ್ತೂವರಿಗೆ ಒಂದ್ ಗಾಡಿ ಐತಿ, ಹೇಳಿ ಹೊಂಡತೀನಿ," ಎಂದ.

ಈಗ ಇಲ್ಲಿ ಎರಡು ಗಂಟೆ. ನಿಮಗೆ ಒಂಬತ್ತೂವರೆ. ಅವನು ರೈಲು ಹತ್ತಿದ್ದೇನೆಂದು ಫೋಟೊ ಕಳಿಸಿದ್ದಾನೆ. ನಮ್ಮ ನಾಲ್ಕರ ಹೊತ್ತಿಗೆ ನಿಮ್ಮ ಬಾಗಿಲು ಬಡಿಯುತ್ತಾನೆ. ತೆರೆಯಿರಿ. ಕೋಣೆ ಹೊಲಸಾಗಿದೆ ಎಂದು ನಾಚಬೇಡಿ.

ನಾನು ಕಳಿಸಿದ ಮೆಸೇಜುಗಳಿಗೆ ಎರಡು ಗೆರೆ ಬಿದ್ದಿವೆ, ನೀಲಿಯಾಗಿಲ್ಲ. ಫೋನು ಚಾಲೂ ಇದೆ ಎಂದಾಯಿತು. ಯಾರೋ ಅದನ್ನು ಚಾರ್ಜಿಗೆ ಹಚ್ಚುತ್ತಿದ್ದಾರೆ ಎಂದಾಯಿತು. ನೀವೇ ಎಂದು ನಂಬುತ್ತೇನೆ. ಅದಕ್ಕೇ ಈ ಹಾಳೆಗಳ ಫೋಟೊ ತೆಗೆದು ಕಳಿಸುತ್ತಿದ್ದೇನೆ, ಮೊದಲ ದಿನದಿಂದ ಎಲ್ಲ. ನಿಮ್ಮ ಮೇಲೆ ಸಿಟ್ಟಾದದ್ದೂ ಇದೆ. ಇರಲಿ, ಓದಿರಿ. ಮಾರ್ಕ್ಸಿಗಾಗಿ ನಿಮ್ಮ ಸಂಜೆಯನ್ನು ತಿದ್ದಿಸಿದವಳು ನಾನು, ಅದನ್ನೂ ಓದಿರಿ.

ನಾಳೆ ಸಂಜೆ ಘಟಪ್ರಭಾದಿಂದ ನನ್ನ ಪರೀಕ್ಷೆಗೆ ಬೆಂಗಳೂರಿನ ರೈಲು. ಹೋಗುವುದು, ಬಿಡುವುದು ಆಮೇಲೆ. ಫೆಬ್ರವರಿಯದೂ ಆಮೇಲೆ. ಫೇಲಾಗಿ ಬಂದರೂ ಕುರಿಗಳೇನು ನಿಮ್ಮ ಸರ್ಟಿಫಿಕೇಟ್ ಕೇಳುವುದಿಲ್ಲ ಎಂದು ಮಾವನವರು ಬರೆಯಲು ಹೇಳುತ್ತಿದ್ದಾರೆ. ಅತ್ತೆ ಮನೆಯ ಫೋನನ್ನು ತಮ್ಮ ಮಡಿಲಿನಲ್ಲಿ ಇಟ್ಟುಕೊಂಡಿದ್ದಾರೆ, ನನಗೂ ಕೊಡುತ್ತಿಲ್ಲ. ಮಾಯಾ ನನ್ನ ಭುಜದ ಮೇಲೆ ಮಲಗಿದ್ದಾಳೆ. ಮೂವರೂ ಅಂಗಳದಲ್ಲಿ ಕುಳಿತಿದ್ದೇವೆ, ಚಳಿ ಇದೆ, ಯಾರೂ ಒಳಗೆ ಹೋಗುವುದಿಲ್ಲ.

ಆರಾಮ ಅದೀನಿ ಅನ್ನಬೇಡಿ. ಊಟ ಆಯಿತು ಅನ್ನಬೇಡಿ. ಇದು ದೀಪದ ಹೊತ್ತಲ್ಲ, ಏನು ಬೇಕಾದರೂ ಹೇಳಬಹುದು, ಏನೂ ಹೇಳದೆಯೂ ಇರಬಹುದು. ಲೈಟು ಹಚ್ಚುವುದೂ ಬೇಡ. ಕತ್ತಲಲ್ಲೇ ಆ ಹಸಿರು ಗುಂಡಿ ಒಂದನ್ನು ಒತ್ತಿ, 'ಓ' ಎನ್ನಿ. ದನಿ ಹೇಗಿದ್ದರೂ ಸರಿ, ನಾವು ತಿಳಿದುಕೊಳ್ಳುತ್ತೇವೆ. ಗುರುರಾಜ ಬರುವ ತನಕ ಕಾಯಬೇಡಿ. ನಾವು ಏಳುವ ಹೊತ್ತಾಗಲಿ ಎಂದೂ ಕಾಯಬೇಡಿ, ನಾವು ಎದ್ದೇ ಇದ್ದೇವೆ.

ಭೀಮಶಿ, ನಿಮ್ಮ ಕಾಲಿಗೆ ಬೀಳ್ತೀನ್ರಿ. ಬೆಳಗಾಗೂದ್ರೊಳಗ ಒಂದು ಫೋನ್ ಹಚ್ರಿ.